ತಟ್ಟೆ ಕೆಳಗಿಟ್ಟ ತಾರೀಖು

ಫೆಬ್ರವರಿ 3

ತಮ್ಮಾ,

ಭಾನುವಾರ ಫೋನಿನಲ್ಲಿ ಹೇಳದೆ ಉಳಿಸಿಕೊಂಡ ಸುದ್ದಿ ಇದು. ಎಲ್ಲರೂ ಫೋನಿನಲ್ಲೇ ಮಾತು ಮುಗಿಸಿದರೆ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವನು ಊಟಕ್ಕೇನು ಮಾಡಬೇಕು ಎಂದು ನೀನೇ ಕೇಳಿದ್ದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೂರು ವರ್ಷದ ನಂತರ ನಮಗೊಂದು ಫಲಿತಾಂಶ ಸಿಕ್ಕಿದೆ.

ನಮ್ಮ ಪ್ರಯೋಗಾಲಯದ ಇಲಿಗಳಿಗೆ ಹುಟ್ಟಿನಿಂದಲೇ ನಿನ್ನ ಕಾಯಿಲೆ ಇದೆ ಎಂದು ಹಿಂದೆ ಹೇಳಿದ್ದೆ. ಸ್ನಾಯುವಿನ ಎಳೆಯನ್ನು ಅದರ ಪೊರೆಗೆ ಕಟ್ಟಿ ಹಿಡಿಯುವ ಒಂದು ಪ್ರೋಟೀನ್ ನಿನ್ನಲ್ಲೂ ಸರಿಯಾಗಿ ತಯಾರಾಗುವುದಿಲ್ಲ, ಅವುಗಳಲ್ಲೂ ಆಗುವುದಿಲ್ಲ. ಅದು ಗೊತ್ತಿದ್ದ ವಿಷಯ. ಆ ಒಂದು ಇಲ್ಲವಾದಾಗ ಸ್ನಾಯುವಿನ ಉಳಿದ ಸಾವಿರಾರು ಪ್ರೋಟೀನ್‌ಗಳಲ್ಲಿ ಯಾವುದು ಹೆಚ್ಚುತ್ತದೆ, ಯಾವುದು ಕುಗ್ಗುತ್ತದೆ ಎನ್ನುವುದು ಗೊತ್ತಿರಲಿಲ್ಲ. ಇಲಿಯ ತೊಡೆಯಿಂದ ಕಾಳಿನಷ್ಟು ಸ್ನಾಯು ತೆಗೆದು, ಅದರ ಪ್ರೋಟೀನ್‌ಗಳನ್ನು ಚೂರು ಮಾಡಿ, ಒಂದೊಂದು ಚೂರಿನ ತೂಕ ಹಿಡಿಯುವ ಯಂತ್ರಕ್ಕೆ ಕೊಡುತ್ತೇವೆ. ಚೂರಿನ ತೂಕದಿಂದ ಅದು ಯಾವ ಪ್ರೋಟೀನಿನದು, ಎಷ್ಟಿದೆ ಎಂದು ಗೊತ್ತಾಗುತ್ತದೆ. ಇಪ್ಪತ್ತನಾಲ್ಕು ಕಾಯಿಲೆಯ ಇಲಿ, ಅವುಗಳ ಜೊತೆಗೇ ಹುಟ್ಟಿದ ಇಪ್ಪತ್ತನಾಲ್ಕು ಆರೋಗ್ಯವಂತ ಇಲಿ. ನಲವತ್ತೊಂದು ಪ್ರೋಟೀನ್‌ಗಳಲ್ಲಿ ವ್ಯತ್ಯಾಸವಿದೆ. ಅದರಲ್ಲೂ ಕೊಬ್ಬನ್ನು ಜೀವಕೋಶದೊಳಗೆ ಹೊತ್ತೊಯ್ಯುವ ಒಂದು ಪ್ರೋಟೀನ್ ಕಾಯಿಲೆಯವುಗಳಲ್ಲಿ ನಾಲ್ಕು ಪಟ್ಟು ಹೆಚ್ಚಿದೆ. ಪ್ರಯೋಗಾಲಯ ನಡೆಸುವ ನಮ್ಮ ಮೇಡಂ ಸುಲಭಕ್ಕೆ ನಗುವವರಲ್ಲ. ಅವರೇ ಪಟ್ಟಿ ನೋಡಿ ಎದ್ದು ನಿಂತರು. ಇದನ್ನು ತಗ್ಗಿಸುವ ಔಷಧಿ ಹುಡುಕಬಹುದು. ಮಾರ್ಚ್ ಕೊನೆಗೆ ಲೇಖನ ಕಳಿಸುತ್ತೇವೆ.

ಇವತ್ತೇ ನಿನಗೆ ಆಸೆ ಹುಟ್ಟಿಸಬಾರದು ಎಂದುಕೊಂಡೇ ಇಷ್ಟು ಬರೆದಿದ್ದೇನೆ ನೋಡು.

ನಿನ್ನ ಬಲಗೈ ಹೇಗಿದೆ?

ನಿನ್ನ
ಅಕ್ಕ

ಫೆಬ್ರವರಿ 16

ಅಕ್ಕಾ,

ನಿನ್ನ ಪತ್ರವನ್ನು ನಾನೇ ವಿಂಗಡಿಸಿದೆ. ನನ್ನ ಪತ್ರ ನನ್ನ ಕೈಗೇ ಬಂದರೆ ಎದುರಿನ ಮೇಷ್ಟ್ರಿಗೆ ಕೊಡಬೇಕು, ಅವರು ನಮ್ಮ ಬೀದಿಯ ಗೂಡಿಗೆ ಹಾಕಬೇಕು, ಸಂಜೆ ಪೋಸ್ಟ್‌ಮ್ಯಾನ್ ಮನೆಗೆ ತರಬೇಕು. ಅದು ನಿಯಮ. ನಾಲ್ಕು ಗಂಟೆ ಹೊತ್ತು ಮೂರು ಅಡಿ ದೂರದಲ್ಲಿ ಇಟ್ಟುಕೊಂಡು ಕಾದೆ.

ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. ಹರಿದ ಲಕೋಟೆಯ ಮೇಲೆ ಮೂರೇ ಅಕ್ಷರ ಉಳಿದಿದ್ದರೂ ಯಾವ ಬೀದಿಯದು ಎಂದು ಹೇಳಿಬಿಡುತ್ತಾರೆ, ಅದಕ್ಕೇ ಆ ಹೆಸರು. ನಿನ್ನ ಯಂತ್ರದ ವಿಷಯ ಹೇಳಿದಾಗ ಅವರು, "ಚೂರು ನೋಡಿ ಪೂರ್ತಿ ಹೇಳೋದು ತಾನೇ? ಅದಕ್ಕೆ ಯಂತ್ರ ಯಾಕೆ?" ಎಂದರು.

ಸಂತೋಷವಾಯಿತು ಕಣೇ. ಎಷ್ಟು ಎಂದು ಬರೆಯುವುದಿಲ್ಲ. ಬರೆದರೆ ನೀನು ಹೆದರುತ್ತೀಯ.

ಪ್ರಶ್ನೆಗಳಿವೆ. ಆ ಆರೋಗ್ಯವಂತ ಇಲಿಗಳು ಒಡಹುಟ್ಟಿದವು ಎಂದೆಯಲ್ಲ, ಅಂದರೆ ಅವು ನಿನ್ನ ಹಾಗೆ, ಇವು ನನ್ನ ಹಾಗೆ. ಹೋಲಿಸಿ ನೋಡಲು ಒಂದು ಅಕ್ಕ ಬೇಕು, ಅಲ್ಲವಾ? ಕಾಯಿಲೆ ಇದೆ ಎಂದು ಅವುಗಳಿಗೆ ಗೊತ್ತಾಗುತ್ತದಾ? ಓಡುತ್ತವಾ? ದಿನವಿಡೀ ಏನು ಮಾಡುತ್ತವೆ, ಎಲ್ಲಿ ಮಲಗುತ್ತವೆ, ಏನು ತಿನ್ನುತ್ತವೆ? ನನ್ನ ಕಾಯಿಲೆ ಇರುವ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ. ಇಲಿಯಾದರೂ ಆಗಲಿ, ಪರಿಚಯ ಮಾಡಿಕೊಡು.

ಕೈ ಹೋದ ವರ್ಷದ ಹಾಗೇ ಇದೆ. ಇದು ನಿನ್ನ ಸಮಾಧಾನಕ್ಕೆ ಹೇಳುವ ಮಾತಲ್ಲ. ಗಂಟೆಗೆ ಎಷ್ಟು ಪತ್ರ ಗೂಡಿಗೆ ಹಾಕುತ್ತೇವೆ ಎಂದು ಆಫೀಸಿನಲ್ಲಿ ಎಣಿಸುತ್ತಾರೆ. ಒಂದೂ ಕಡಿಮೆಯಾಗಿಲ್ಲ.

ನಿನ್ನ
ತಮ್ಮ

ಮಾರ್ಚ್ 1

ತಮ್ಮಾ,

ಪರಿಚಯ ಮಾಡಿಕೊಡುತ್ತೇನೆ, ತಗೋ.

ಇಲಿಮನೆ ಎಂದರೆ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಪಾರದರ್ಶಕ ಪೆಟ್ಟಿಗೆಗಳು ಕಪಾಟಿನಲ್ಲಿಟ್ಟ ಪುಸ್ತಕದ ಹಾಗೆ ಸಾಲಾಗಿವೆ. ಒಂದೊಂದರಲ್ಲಿ ಎರಡೆರಡು ಇಲಿ, ತಳದಲ್ಲಿ ಮರದ ಹೊಟ್ಟು, ಮುಂದೆ ಒಂದು ಚೀಟಿ. ಚೀಟಿಯಲ್ಲಿ ಹುಟ್ಟಿದ ದಿನ, ತಂದೆತಾಯಿಯ ಸಂಖ್ಯೆ. ಕಾಯಿಲೆಯವು ಮತ್ತು ಆರೋಗ್ಯವಂತವು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇರುತ್ತವೆ. ಎರಡು ತಿಂಗಳವರೆಗೆ ನೋಡಿದರೆ ಯಾವುದು ಯಾವುದೆಂದು ಹೇಳಲಾಗದು. ಆಮೇಲೆ ಕಾಯಿಲೆಯವುಗಳ ನಡಿಗೆ ಓಲಾಡುತ್ತದೆ. ಆದರೆ ಕುತೂಹಲ ಕಡಿಮೆಯಾಗುವುದಿಲ್ಲ. ಮುಚ್ಚಳ ತೆಗೆದರೆ ಮೊದಲು ಮೂಗು ಎತ್ತುವುದು ಅವೇ. ನಿನ್ನ ಜಾತಿಯೇ.

ಮಲಗುವುದು ಹತ್ತಿಯ ಗೂಡಿನಲ್ಲಿ, ಒಂದರ ಮೇಲೊಂದು. ಊಟ ಎರಡು ಗುಂಪಿಗೂ ಒಂದೇ, ರಿಜಿಸ್ಟರಿನಲ್ಲಿ ಬರೆದಿದೆ. ಬೆರಳಿನಷ್ಟು ದಪ್ಪದ ಗಟ್ಟಿ ಉಂಡೆಗಳು. ಮುಚ್ಚಳದ ತಂತಿಬುಟ್ಟಿಯಲ್ಲಿ ಇಟ್ಟರೆ ಇಲಿಗಳು ಹಿಂಗಾಲ ಮೇಲೆ ನಿಂತು ಕೆಳಗಿನಿಂದ ಕೆರೆದು ತಿನ್ನುತ್ತವೆ. ಇಲಿಮನೆ ನೋಡಿಕೊಳ್ಳುವವರು ನಿವೃತ್ತಿಗೆ ಎರಡು ವರ್ಷ ಉಳಿದಿರುವ ಒಬ್ಬ ಹೆಂಗಸು. ಎಲ್ಲರೂ ದೊಡ್ಡಮ್ಮ ಎನ್ನುತ್ತೇವೆ. ಮೇಡಂ ಕೂಡ ಅವರೆದುರು ದನಿ ತಗ್ಗಿಸುತ್ತಾರೆ.

ಲೇಖನದ ಕರಡು ಮುಗಿದಿದೆ. ನನ್ನ ಹೆಸರು ಮೊದಲಿದೆ. ಈ ಸಲವೂ ಊರಿಗೆ ಬರಲಾಗಲಿಲ್ಲ. ಎರಡು ವರ್ಷವಾಯಿತು ಎಂದು ನೀನು ಬರೆಯಬೇಡ, ನನಗೂ ಎಣಿಸಲು ಬರುತ್ತದೆ.

ನಿನ್ನ
ಅಕ್ಕ

ಮಾರ್ಚ್ 12

ಅಕ್ಕಾ,

ಒಂದು ಪ್ರಶ್ನೆ. ತಪ್ಪಾಗಿದ್ದರೆ ನಕ್ಕುಬಿಡು.

ಕಾಯಿಲೆಯ ಇಲಿಗಳು ಹಿಂಗಾಲ ಮೇಲೆ ಹೇಗೆ ನಿಲ್ಲುತ್ತವೆ?

ಯಾಕೆ ಕೇಳುತ್ತಿದ್ದೇನೆಂದರೆ, ಹೋದ ವಾರ ಇಲ್ಲಿ ಒಂದು ಘಟನೆ ನಡೆಯಿತು. ಮೇಷ್ಟ್ರು ಕಣ್ಣಿನ ಆಪರೇಶನ್‌ಗೆ ರಜೆ ಹಾಕಿದರು. ಬದಲಿಗೆ ಬಂದವನು ಬಹಳ ಶಿಸ್ತಿನ ಮನುಷ್ಯ. ನನ್ನ ಎದುರಿನ ಗೂಡುಗಳ ಚೌಕಟ್ಟು ಏಳು ಸಾಲಿನದು, ಒಂದೊಂದು ಗೂಡಿಗೆ ಒಂದೊಂದು ಬೀದಿಯ ಪಟ್ಟಿ ಅಂಟಿಸಿದೆ. ಅವನು ನೋಡಿ, ಪಟ್ಟಿಗಳು ನಿಯಮದ ಕ್ರಮದಲ್ಲಿಲ್ಲ ಎಂದು ಎಲ್ಲವನ್ನೂ ಸರಿಯಾದ ಜಾಗಕ್ಕೆ ಅಂಟಿಸಿದ. ಹೆಚ್ಚು ಪತ್ರ ಬರುವ ಆಸ್ಪತ್ರೆ ರಸ್ತೆ, ಹಳೇ ಸ್ಟೇಷನ್ ರಸ್ತೆ ಎರಡೂ ಮೇಲಿನ ಸಾಲಿಗೆ ಹೋದವು. ನದಿಯಾಚೆಯ ಬಡಾವಣೆ ಎರಡನೆಯ ಸಾಲಿಗೆ ಹೋಯಿತು.

ಆ ಬೆಳಿಗ್ಗೆ ಹತ್ತನೆಯ ಪತ್ರಕ್ಕೇ ನನ್ನ ಕೈ ನಿಂತಿತು. ನೋವೇನಿಲ್ಲ. ಹೇಳಿದರೆ ಕೇಳಲಿಲ್ಲ, ಅಷ್ಟೇ. ಎಡಗೈಯಿಂದ ಬಲ ಮೊಣಕೈ ಹಿಡಿದು ಮೇಲೆತ್ತಿ ಹಾಕಿದೆ. ಆ ಗಂಟೆಯ ಲೆಕ್ಕ ಅರ್ಧಕ್ಕಿಳಿಯಿತು.

ಯೋಚನೆ ಮಾಡಿದೆ. ಮೇಷ್ಟ್ರು ಯಾವತ್ತೋ ಪಟ್ಟಿಗಳನ್ನು ಬದಲಿಸಿದ್ದಾರೆ. ಪತ್ರ ಹೆಚ್ಚು ಬರುವ ಬೀದಿಗಳನ್ನು ನನ್ನ ಸೊಂಟದ ಮಟ್ಟಕ್ಕೆ ಇಳಿಸಿ, ವಾರಕ್ಕೊಂದು ಪತ್ರ ಬರುವ ಬೀದಿಗಳನ್ನು ಮೇಲೇರಿಸಿದ್ದಾರೆ. ನನಗೆ ಹೇಳಿಲ್ಲ. ನಾನು ಗಮನಿಸಿಲ್ಲ, ಅಥವಾ ಗಮನಿಸದಿರುವುದೇ ಅನುಕೂಲವಾಗಿತ್ತು. ಕೈ ಹೋದ ವರ್ಷದ ಹಾಗೇ ಇದೆ ಎಂದು ನಿನಗೆ ಬರೆದದ್ದು ಸುಳ್ಳಲ್ಲ. ಎಣಿಕೆ ಸರಿಯಾಗಿಯೇ ಇತ್ತು. ಆದರೆ ಅವರು ಎಣಿಸಿದ್ದು ನನ್ನ ಕೈಯನ್ನಲ್ಲ, ಮೇಷ್ಟ್ರ ಒಳ್ಳೆಯತನವನ್ನು.

ನಿನ್ನ ಪತ್ರದ ತಂತಿಬುಟ್ಟಿಯನ್ನು ಓದಿದಾಗ ಇದೇ ನೆನಪಾಯಿತು. ತೊಡೆ ಸೋತ ಇಲಿ ಹಿಂಗಾಲ ಮೇಲೆ ನಿಂತು ಊಟ ಮಾಡುತ್ತಿದೆ ಎಂದು ರಿಜಿಸ್ಟರ್ ಹೇಳಿದರೆ ನನಗೆ ನಂಬಿಕೆ ಬರುವುದಿಲ್ಲ. ನಿಮ್ಮ ಇಲಿಮನೆಯಲ್ಲಿ ಒಬ್ಬ ಮೇಷ್ಟ್ರಿದ್ದಾರಾ, ವಿಚಾರಿಸು.

ತಮ್ಮ

ಏಪ್ರಿಲ್ 10

ಅಕ್ಕಾ,

ತಿಂಗಳಾಯಿತು, ಉತ್ತರವಿಲ್ಲ. ಫೋನಿನಲ್ಲಿ ಹವಾಮಾನದ ಬಗ್ಗೆಯೇ ಮಾತಾಡುತ್ತೀಯ. ನನಗೆ ತಿಳಿಯದ ವಿಷಯದಲ್ಲಿ ಮೂಗು ತೂರಿಸಿದೆ ಎಂದು ಕೋಪವಾ? ಲೇಖನ ಹೋಯಿತಾ?

ತಮ್ಮ

ಏಪ್ರಿಲ್ 25

ತಮ್ಮಾ,

ಲೇಖನ ಹೋಗಿಲ್ಲ.

ನಿನ್ನ ಪತ್ರ ಓದಿದ ದಿನವೇ ಇಲಿಮನೆಗೆ ಹೋದೆ. ದೊಡ್ಡಮ್ಮ ಪೆಟ್ಟಿಗೆ ತೊಳೆಯುತ್ತಿದ್ದರು. ಸುತ್ತಿ ಬಳಸಿ ಕೇಳಲು ಬರಲಿಲ್ಲ, ನೇರವಾಗಿ ಕೇಳಿದೆ. ಅವರು ಕೈ ಒರೆಸಿಕೊಂಡು, ನಾನು ಏನೋ ಸಣ್ಣ ಮಗು ಎನ್ನುವ ಹಾಗೆ ನೋಡಿದರು.

"ಎಟುಕದೋರಿಗೆ ತಟ್ಟೆ ಕೆಳಗಿಟ್ಟೆ ಕಣಮ್ಮಾ. ಅದನ್ನೂ ನಿಮ್ಮ ಪುಸ್ತಕದಲ್ಲಿ ಬರೀಬೇಕಿತ್ತಾ?"

ಏನು ಇಟ್ಟಿರಿ ಎಂದು ಕೇಳಿದೆ. ಅದೇ ಉಂಡೆ, ನೀರಲ್ಲಿ ನೆನೆಸಿದ್ದು ಎಂದರು. ನಾವೆಲ್ಲ ಹೋದ ಮೇಲೆ ಸಂಜೆ ಇಟ್ಟು ಬೆಳಿಗ್ಗೆ ತೆಗೆಯುತ್ತಿದ್ದರಂತೆ. ಆಮೇಲೆ, "ಒಂದು ಚೂರು ಪೇಸ್ಟ್ ಕಲಸ್ತಿದ್ದೆ. ಸಪ್ಪೆ ಊಟ ಯಾರು ತಿಂತಾರೆ" ಎಂದರು. ಆಪರೇಶನ್ ಆದ ಪ್ರಾಣಿಗಳು ಚೇತರಿಸಿಕೊಳ್ಳಲು ಕೊಡುವ ಪೇಸ್ಟ್ ಅದು. ಟ್ಯೂಬಿನ ಮೇಲೆ ಬರೆದದ್ದನ್ನು ಅಲ್ಲೇ ನಿಂತು ಓದಿದೆ. ಮುಕ್ಕಾಲು ಪಾಲು ಕೊಬ್ಬು.

ನಾವು ಎದ್ದು ನಿಂತು ಸಂತೋಷಪಟ್ಟ ಪ್ರೋಟೀನ್ ಯಾವುದು ಎಂದು ನೆನಪಿದೆಯಲ್ಲ, ಕೊಬ್ಬು ಹೊರುವುದು. ಕೊಬ್ಬು ತಿಂದವರಲ್ಲಿ ಕೊಬ್ಬು ಹೊರುವವರು ಹೆಚ್ಚಾಗಿದ್ದಾರೆ. ಇದನ್ನು ಕಂಡುಹಿಡಿಯಲು ಮೂರು ವರ್ಷ, ಒಂದು ದೊಡ್ಡ ಯಂತ್ರ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದು ನಮ್ಮನ್ನು ನೋಡಿಯೇ ಮಾಡಿದ ಗಾದೆ.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ. ದೊಡ್ಡಮ್ಮ ಯಾರಿಗೂ ಹೇಳುವವರಲ್ಲ. ರಿಜಿಸ್ಟರಿನಲ್ಲಿ ಎಲ್ಲ ಸರಿಯಾಗಿದೆ. ನಿನ್ನೊಬ್ಬನಿಗೆ ಗೊತ್ತು, ನೀನು ನನ್ನ ತಮ್ಮ. ಆ ಮೂರು ದಿನದ ಬಗ್ಗೆ ಇಷ್ಟೇ ಬರೆಯುತ್ತೇನೆ.

ನಾಲ್ಕನೆಯ ದಿನ ಮೇಡಂ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರಿಗೆ ಹೊಳೀತು ಇದು?"

"ನನ್ನ ತಮ್ಮನಿಗೆ."

"ಏನು ಓದಿದಾನೆ?"

"ವಿಳಾಸ ಓದ್ತಾನೆ ಮೇಡಂ."

ನಗಲಿಲ್ಲ. ಕರಡನ್ನು ಡ್ರಾಯರಿನೊಳಗಿಟ್ಟು, ಮೊದಲಿನಿಂದ ಮಾಡೋಣ ಎಂದರು. ಆಮೇಲೆ ಎರಡು ವಾರ ಜಗಳ ನಡೆಯಿತು. ಎಲ್ಲ ಇಲಿಗಳಿಗೂ ಊಟ ಮೇಲೆಯೇ ಇಡಬೇಕು, ನಿಯಮ ಅದು ಎಂದು ಒಬ್ಬರು ಹೇಳಿದರು. ದೊಡ್ಡಮ್ಮನನ್ನು ಕರೆಸಿದರು. "ಮೇಲಿಟ್ಟರೆ ಉಪವಾಸ ಬೀಳ್ತವೆ. ಆಗ ನೀವು ಅಳೆಯೋದು ಹಸಿವನ್ನ, ಕಾಯಿಲೆಯನ್ನಲ್ಲ" ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದರು. ಅಲ್ಲಿಗೆ ಮುಗಿಯಿತು. ಈಗ ನಲವತ್ತೆಂಟು ಹೊಸ ಇಲಿಗಳಿಗೂ ನೆನೆಸಿದ ಊಟ ಕೆಳಗೇ. ಆರೋಗ್ಯವಂತವಕ್ಕೂ ಅದೇ ತಟ್ಟೆ. ಪೇಸ್ಟ್ ಯಾರಿಗೂ ಇಲ್ಲ. ಅಕ್ಟೋಬರ್‌ವರೆಗೆ ಕಾಯಬೇಕು.

ನಿನ್ನ ಕೈ ವಿಷಯ ನಾನು ಇನ್ನೂ ಏನೂ ಬರೆದಿಲ್ಲ. ಆ ಪುಟವನ್ನು ನಾಲ್ಕು ಸಲ ಓದಿದ್ದೇನೆ ಎಂದಷ್ಟೇ ತಿಳಿದುಕೋ. ಡಾಕ್ಟರನ್ನು ನೋಡು.

ನಿನ್ನ
ಅಕ್ಕ

ಜೂನ್ 28

ಅಕ್ಕಾ,

ಕೈಗೆ ಬಂದ ತುತ್ತನ್ನು ತಮ್ಮನೇ ತಟ್ಟಿಬಿಟ್ಟ ಎಂದು ಯಾರಿಗಾದರೂ ಹೇಳಿಕೊಂಡು ಅತ್ತೆಯಾ? ನಿನ್ನ ಪತ್ರ ಬಂದ ಮೇಲೆ ವಾರಗಟ್ಟಲೆ ಬೇಸರವಿತ್ತು. ಆ ನಾಲ್ಕು ಪಟ್ಟನ್ನು ನಾನೂ ನಂಬಿದ್ದೆ. ಅದನ್ನು ಹಿಡಿದುಕೊಂಡು ಎಲ್ಲೆಲ್ಲಿಗೆ ಹೋಗಿದ್ದೆ ಎಂದು ಈಗ ಹೇಳಿದರೆ ನಾಚಿಕೆಯಾಗುತ್ತದೆ. ಮೆಟ್ಟಿಲಿರುವ ಮನೆಗಳನ್ನೂ ಬಾಡಿಗೆಗೆ ವಿಚಾರಿಸಿ ಬಂದಿದ್ದೆ.

ಮೇಷ್ಟ್ರು ರಜೆ ಮುಗಿಸಿ ಬಂದಾಗ ಕೇಳಿದೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು.

"ಮೇಷ್ಟ್ರೇ, ಆಸ್ಪತ್ರೆ ರಸ್ತೆ ಇಳಿಸಿದ್ದು ನೀವಾ?"

"ಇಳಿಸಿ ಒಂದೂವರೆ ವರ್ಷ ಆಯ್ತು, ಈಗ ಕೇಳ್ತಿದೀಯಾ? ಕಣ್ಣಿನ ಆಪರೇಶನ್ ನಿನಗೆ ಮಾಡಬೇಕಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಮೇಲಕ್ಕೆ ಅಂಟಿಸ್ತಿದ್ದೆ."

ನಿಜ. ಅಂಟಿಸುತ್ತಿದ್ದೆ. ಈ ಸಲ ಅವರು ಪಟ್ಟಿಗಳನ್ನು ಮತ್ತೆ ಇಳಿಸಿದಾಗ ಬೇಡ ಎನ್ನಲಿಲ್ಲ.

ಕಳೆದ ವಾರ ಡಾಕ್ಟರ ಹತ್ತಿರ ಹೋದೆ. ಪ್ರತಿ ವರ್ಷ ಕೇಳುವ ಪ್ರಶ್ನೆಯೇ, ಯಾವಾಗಿನಿಂದ ಹೀಗೆ? ಪ್ರತಿ ವರ್ಷ ಹೇಳುವ ಉತ್ತರವೇ ಇದ್ದದ್ದು, ಗೊತ್ತಿಲ್ಲ. ಆದರೆ ಈ ಸಲ ಮೇಷ್ಟ್ರು ಜೊತೆಗಿದ್ದರು. ಬಸ್ಸಿನಲ್ಲಿ ಮೇಲಿನ ಕೈಹಿಡಿ ನನಗೆ ಎಟುಕುವುದಿಲ್ಲ ಎಂದು ಅವರೇ ಹೊರಟು ಬಂದಿದ್ದರು. ಗೋಡೆಗೊರಗಿ ಕೂತವರು ಯಾವ ಪಟ್ಟಿಯನ್ನು ಯಾವಾಗ ಇಳಿಸಿದೆ ಎಂದು ಅಲ್ಲಿಂದಲೇ ಹೇಳಲು ಶುರು ಮಾಡಿದರು. ಹೋದ ವರ್ಷದ ಹಿಂದಿನ ವರ್ಷ ಅಕ್ಟೋಬರ್, ಆಸ್ಪತ್ರೆ ರಸ್ತೆ. ಡಿಸೆಂಬರ್‌ನಲ್ಲಿ ಹಳೇ ಸ್ಟೇಷನ್. ಅಲ್ಲಿಗೆ ಮೇಲಿನ ಸಾಲು ಮುಗಿಯಿತು. ಹೋದ ವರ್ಷ ಆಗಸ್ಟ್ ಎರಡನೇ ವಾರ, ನದಿಯಾಚೆ. ಈ ಜನವರಿಯಲ್ಲಿ ಗಿರಣಿ ಬೀದಿ. ವಿಳಾಸ ಮರೆಯದ ಮನುಷ್ಯ ತಾರೀಖನ್ನೂ ಮರೆತಿಲ್ಲ. ಡಾಕ್ಟರ್ ಪೆನ್ನು ಕೇಳಿ ಪಡೆದು ಎಲ್ಲ ಬರೆದುಕೊಂಡರು. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಇಷ್ಟು ಸ್ಪಷ್ಟವಾದ ಮಾಹಿತಿ ಯಾರೂ ಕೊಟ್ಟಿರಲಿಲ್ಲ ಎಂದರು. ಚುಕ್ಕೆಗಳನ್ನಿಟ್ಟು ಗೆರೆ ಎಳೆದರು. ಗೆರೆ ಇಳಿಯುತ್ತದೆ. ಈ ವರ್ಷದ ಕೊನೆಗೆ ಮೂರನೆಯ ಸಾಲೂ ಎಟುಕದು ಎನ್ನುತ್ತದೆ ಅದು.

ಇದನ್ನು ಬರೆದದ್ದು ನಿನ್ನನ್ನು ಅಳಿಸಲಿಕ್ಕಲ್ಲ. ಆಸ್ಪತ್ರೆಯಿಂದ ಬರುವಾಗ ಒಂದು ವಿಷಯ ಹೊಳೆಯಿತು. ನನ್ನ ಕಾಯಿಲೆಯನ್ನು ಮುಚ್ಚಿದವರೂ ಮೇಷ್ಟ್ರೇ, ಅದರ ದಿನಚರಿ ಇದ್ದದ್ದೂ ಅವರ ಹತ್ತಿರವೇ. ದೊಡ್ಡಮ್ಮ ಮೊದಲ ದಿನದಿಂದಲೇ ಎಲ್ಲ ತಟ್ಟೆಗಳನ್ನೂ ಕೆಳಗಿಟ್ಟಿರಲಾರರು. ಎಟುಕದೋರಿಗೆ ಎಂದರಲ್ಲ. ಅಂದರೆ ಯಾರಿಗೆ ಎಟುಕುವುದಿಲ್ಲ ಎಂದು ದಿನವೂ ನೋಡಿದ್ದಾರೆ. ಯಾವ ಪೆಟ್ಟಿಗೆಗೆ ಯಾವತ್ತು ಇಟ್ಟರು? ಕೇಳು. ಬೈಯುವ ಹಾಗೆ ಅಲ್ಲ, ಕೇಳುವ ಹಾಗೆ ಕೇಳು.

ನಿನ್ನ
ತಮ್ಮ

ಅಕ್ಟೋಬರ್ 30

ತಮ್ಮಾ,

ಹೊಸ ಇಲಿಗಳ ಫಲಿತಾಂಶ ಬಂತು. ಒಂದೇ ತಟ್ಟೆಯಲ್ಲಿ ಉಂಡ ಮೇಲೆ ನಲವತ್ತೊಂದರಲ್ಲಿ ಉಳಿದದ್ದು ಒಂಬತ್ತು. ಕೊಬ್ಬು ಹೊರುವುದು ಎರಡು ಗುಂಪಿನಲ್ಲೂ ಸಮ. ನೋಡಿ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಆ ಪಟ್ಟಿಯಲ್ಲಿ ಹಿಂದೆ ಮೂವತ್ತೇಳನೆಯದಾಗಿ ಕೂತಿದ್ದ ಒಂದು ಸಣ್ಣ ಪ್ರೋಟೀನ್ ಈಗ ಮೇಲಿದೆ. ಆಗ ಅದನ್ನು ಯಾರೂ ಎರಡನೆಯ ಸಲ ನೋಡಿರಲಿಲ್ಲ. ಹೆಚ್ಚಿರುವುದು ಒಂದೂವರೆ ಪಟ್ಟು ಮಾತ್ರ. ಆದರೆ ಎರಡು ಸಲವೂ ಹೆಚ್ಚಿದೆ.

ದೊಡ್ಡಮ್ಮನನ್ನು ಜುಲೈನಲ್ಲೇ ಕೇಳಿದ್ದೆ. ಆಗ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ನೀನು ಹೇಳಿದ ಹಾಗೆ ಕೇಳಲು ಮೂರು ಸಲ ಇಲಿಮನೆಗೆ ಹೋಗಿ ಪೆಟ್ಟಿಗೆ ತೊಳೆದುಕೊಟ್ಟು ಬಂದೆ. ಮೂರನೆಯ ಸಲ, "ಚೀಟಿ ತಿರುಗಿಸಿ ನೋಡೋ ಅಭ್ಯಾಸ ಇಲ್ವಾ ನಿಮಗೆ?" ಎಂದರು.

ಹಳೆಯ ಪೆಟ್ಟಿಗೆಗಳ ಚೀಟಿಗಳನ್ನು ನಾವು ಒಂದು ಲಕೋಟೆಯಲ್ಲಿ ಹಾಕಿ ಇಟ್ಟಿದ್ದೆವು. ಹಿಂಬದಿ ನೋಡಿರಲಿಲ್ಲ. ಹನ್ನೆರಡು ಚೀಟಿಗಳ ಹಿಂದೆಯೂ ಪೆನ್ಸಿಲಿನಲ್ಲಿ ಒಂದೊಂದು ತಾರೀಖು. ಯಾರಿಗೆ ಊಟ ನೆನೆಸಬೇಕು ಎಂದು ಮರೆಯದಿರಲು ಬರೆದುಕೊಂಡದ್ದು. ಒಂದು ಪೆಟ್ಟಿಗೆಗೆ ಮೂರನೆಯ ತಿಂಗಳಲ್ಲೇ ತಟ್ಟೆ ಕೆಳಗೆ, ಇನ್ನೊಂದಕ್ಕೆ ಐದು ತುಂಬುವ ಹೊತ್ತಿಗೆ. ಒಂದೇ ಕಾಯಿಲೆ, ಒಂದೇ ಬಸಿರು, ಎರಡು ತಿಂಗಳ ಅಂತರ. ಹಿಡಿತದ ಬಲ ಅಳೆಯುವ ನಮ್ಮ ಉಪಕರಣಕ್ಕೆ ಈ ವ್ಯತ್ಯಾಸ ಕಂಡೇ ಇರಲಿಲ್ಲ.

ಆ ಹನ್ನೆರಡು ತಾರೀಖುಗಳನ್ನು ಸಾಲಾಗಿ ಬರೆದು, ಪಕ್ಕದಲ್ಲಿ ಆ ಸಣ್ಣ ಪ್ರೋಟೀನಿನ ಪ್ರಮಾಣ ಬರೆದೆ. ತಟ್ಟೆ ಬೇಗ ಇಳಿದಷ್ಟೂ ಅದು ಹೆಚ್ಚು. ಹನ್ನೆರಡರಲ್ಲಿ ಹತ್ತು ಪೆಟ್ಟಿಗೆ ಸರಿಯಾದ ಕ್ರಮದಲ್ಲಿ ನಿಂತವು. ಮೇಡಂ ಈ ಸಲ ಎದ್ದು ನಿಲ್ಲಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಕೊನೆಗೆ, ಸ್ನಾಯುವನ್ನು ಹಾಳು ಮಾಡುತ್ತಿರುವುದು ಇದೇ ಇರಬೇಕು, ಇದನ್ನು ತಡೆಯುವ ಔಷಧಿ ಕೊಟ್ಟು ನೋಡೋಣ ಎಂದರು. ದೊಡ್ಡಮ್ಮನ ಹೆಸರೂ ಲೇಖನದಲ್ಲಿ ಇರುತ್ತದೆ. ಅವರಿಗೆ ಹೇಳಿದರೆ, ಅದರಿಂದ ಪೆಟ್ಟಿಗೆ ತೊಳೆಯುವುದು ತಪ್ಪುತ್ತದಾ ಎಂದು ಕೇಳಿದರು.

ಡಿಸೆಂಬರ್ ಎಂಟಕ್ಕೆ ಹೊರಡುತ್ತಿದ್ದೇನೆ. ರಜೆ ಮಂಜೂರಾಗಿದೆ. ಇಷ್ಟು ದಿನ ಕೆಲಸದಿಂದಾಗಿಯೇ ಬರಲಾಗಲಿಲ್ಲ ಎಂದು ಹೇಳುತ್ತಿದ್ದೆನಲ್ಲ, ಅದು ನಿನ್ನ ಗಂಟೆಯ ಎಣಿಕೆಯಷ್ಟೇ ನಿಜ. ಬಂದರೆ ನಿನ್ನ ಕೈ ನೋಡಬೇಕಾಗುತ್ತಿತ್ತು.

ನಿನ್ನ
ಅಕ್ಕ

ನವೆಂಬರ್ 19

ಅಕ್ಕಾ,

ಇವತ್ತು ಮೂರನೆಯ ಸಾಲು ಇಳಿಸಿದೆವು. ಇಳಿಸಿ ಎಂದದ್ದು ನಾನೇ. ಮೇಷ್ಟ್ರು ಪಟ್ಟಿ ಕೀಳುತ್ತಾ, "ಇನ್ನೂ ಒಂದು ವಾರ ನೋಡಬಹುದಿತ್ತು" ಎಂದರು. ಬೇಡ ಎಂದೆ. ತಾರೀಖನ್ನು ಡಾಕ್ಟರಿಗೆ ಕಳಿಸಿದ್ದೇನೆ. ಎಣಿಸುವವರಿಗೆ ಹೋದ ವಾರವೇ ಹೇಳಿದ್ದೆ. ಅವರು ಎರಡು ದಿನ ತಲೆ ಕೆರೆದುಕೊಂಡು, ಚೌಕಟ್ಟನ್ನೇ ಎರಡಾಗಿ ಮಾಡಿ ಅಡ್ಡಕ್ಕೆ ಇಡಿಸೋಣ ಎಂದಿದ್ದಾರೆ. ಅಗಲ ಜಾಸ್ತಿ, ಎತ್ತರ ಕಡಿಮೆ. ಯಾರೂ ಮೊದಲೇ ಯಾಕೆ ಯೋಚಿಸಲಿಲ್ಲವೋ.

ನಿನ್ನ ಪತ್ರ ಮೂರು ಸಲ ಓದಿದೆ. ಎಂಟನೆಯ ತಾರೀಖಿನ ವಿಷಯಕ್ಕೆ ಏನೂ ಬರೆಯುವುದಿಲ್ಲ. ಬಾ.

ಆ ಸಣ್ಣ ಪ್ರೋಟೀನಿನ ವಿಷಯ ಮಾತ್ರ ಮನಸ್ಸು ಬಿಡುತ್ತಿಲ್ಲ. ಕಾಯಿಲೆ ಹೆಚ್ಚಿದ ಕಡೆ ಅದು ಹೆಚ್ಚಿದೆ, ಆದ್ದರಿಂದ ಅದೇ ಕಳ್ಳ ಎಂದು ನಿಮ್ಮ ಮೇಡಂ ಹೇಳುತ್ತಾರೆ. ಇರಬಹುದು. ಆದರೆ ಹೊರಗಿನವನೊಬ್ಬ ಬಂದು ನಮ್ಮ ಆಫೀಸಿನಲ್ಲಿ ಬರೀ ಎಣಿಕೆ ಮಾಡಿದ ಎಂದುಕೋ. ನನ್ನ ಕೈ ಸೋತ ಸಾಲುಗಳಲ್ಲೆಲ್ಲ ಮೇಷ್ಟ್ರ ಬೆರಳಚ್ಚು ಸಿಗುತ್ತದೆ. ಕೈ ಹೆಚ್ಚು ಸೋತ ಕಡೆ ಹೆಚ್ಚು ಸಿಗುತ್ತದೆ. ಕೈ ಕೆಡಿಸಿದವರು ಮೇಷ್ಟ್ರೇ ಎಂದು ಬರೆದುಕೊಂಡು ಹೋಗುತ್ತಾನೆ, ಅಲ್ಲವಾ?

ಅದನ್ನು ತಡೆಯುವ ಔಷಧಿ ಕೊಡುವ ಮೊದಲು, ಅದು ಅಲ್ಲಿ ಬಂದು ಏನು ಮಾಡುತ್ತಿದೆ ಎಂದು ಒಂದು ಸಲ ವಿಚಾರಿಸಿ.

ನಿನ್ನ
ತಮ್ಮ